ಎರಡು ಊರು, ಮೂರು ದೂರ

ಎರಡು ಊರುಗಳ ನಡುವೆ ದೂರವೆಷ್ಟು ಎಂದು ಕೇಳಿದರೆ ವ್ಯಾಪಾರಸ್ಥರಾದ ನಾವು ಮೈಲಿಗಿಂತ ಮೊದಲು ಲಾರಿ ಬಾಡಿಗೆ ಲೆಕ್ಕ ಹಾಕುತ್ತೇವೆ. ಕೆನಡಾ ದೇಶದ ಉತ್ತರದ ತುದಿಯಲ್ಲಿ ಇನುವಿಕ್ ಮತ್ತು ಟುಕ್ಟೊಯಾಕ್ಟುಕ್ ಎಂಬ ಎರಡು ಊರುಗಳಿವೆ. ಮೊದಲನೆಯದರಲ್ಲಿ ಮೂರು ಸಾವಿರ ಜನ, ಸಮುದ್ರದ ದಂಡೆಯ ಎರಡನೆಯದರಲ್ಲಿ ಸಾವಿರಕ್ಕೂ ಕಡಿಮೆ. ವಿಮಾನ ನೆಟ್ಟಗೆ ಹಾರಿದರೆ ಇವುಗಳ ನಡುವೆ ಸುಮಾರು 125 ಕಿ.ಮೀ., ಅರ್ಧ ತಾಸಿನ ದಾರಿ. ಈಗಿನ ರಸ್ತೆಯಿಂದ 138 ಕಿ.ಮೀ. ರಸ್ತೆ ಆಗುವ ಮೊದಲು ಮಾತ್ರ ಸುಮಾರು 187 ಕಿ.ಮೀ.

ಆ 187 ಕಿ.ಮೀ. ದಾರಿ ಇದ್ದದ್ದು ನೆಲದ ಮೇಲಲ್ಲ, ವಾಚಕರೇ, ನೀರಿನ ಮೇಲೆ! ಚಳಿಗಾಲದಲ್ಲಿ ಮೆಕೆಂಜಿ ನದಿಯೂ ಅದರಾಚೆಯ ಸಮುದ್ರವೂ ಕಲ್ಲಿನಂತೆ ಹೆಪ್ಪುಗಟ್ಟುತ್ತವೆ. ಮೇಲಿನ ಹಿಮ ಸರಿಸಿ, ಅದರ ಮೇಲೆಯೇ ಸರಕು ತುಂಬಿದ ಲಾರಿ ಓಡಿಸುತ್ತಿದ್ದರು. ಬೇಸಿಗೆಯಲ್ಲಿ ದೋಣಿ. ಆದರೆ ನೀರು ಹೆಪ್ಪುಗಟ್ಟುವ ಹಾಗೂ ಒಡೆಯುವ ವಾರಗಳಲ್ಲಿ ಲಾರಿಯೂ ಇಲ್ಲ, ದೋಣಿಯೂ ಇಲ್ಲ. ಹಾಲು, ಹಣ್ಣು, ಕಾಯಿಪಲ್ಲೆ ಎಲ್ಲವೂ ವಿಮಾನದಲ್ಲೇ ಬರಬೇಕು. ಗಿರಾಕಿಗೆ ಬೆಲೆ ಹೇಳುವ ಅಂಗಡಿಕಾರನ ಸಂಕಟ ನಮಗೆ ಚೆನ್ನಾಗಿ ಅರ್ಥವಾಗುತ್ತದೆ.

ಕಾಯಂ ರಸ್ತೆಯ ಕೆಲಸ 2014ರಲ್ಲಿ ಆರಂಭವಾಗಿ 2017ರ ನವೆಂಬರ್ 15ರಂದು ರಸ್ತೆ ತೆರೆಯಿತು. ಖರ್ಚು ಸುಮಾರು 30 ಕೋಟಿ ಕೆನಡಾ ಡಾಲರು. ಅಲ್ಲಿಯ ನೆಲ ಒಳಗೆ ವರ್ಷವಿಡೀ ಹೆಪ್ಪುಗಟ್ಟಿಯೇ ಇರುತ್ತದೆ; ಅಗೆದರೆ ಕರಗಿ ಕುಸಿಯುತ್ತದೆ. ಆದ್ದರಿಂದ ನೆಲ ಕೆದಕದೆ, ಅದರ ಮೇಲೆ ಗಟ್ಟಿ ಬಟ್ಟೆ ಹಾಸಿ, ಮಣ್ಣು ಗರಸು ಸುರಿದು ಎತ್ತರಿಸಿದರು. ಅದೂ ಹೆಚ್ಚಾಗಿ ಚಳಿಗಾಲದಲ್ಲೇ. ನಮ್ಮ ಗುತ್ತಿಗೆದಾರರು ಬೇಸಿಗೆಗೆ ಕಾಯುತ್ತಾರೆ, ಅಲ್ಲಿಯವರು ಕೊರೆಯುವ ಚಳಿಗೆ!

ಇಷ್ಟಾದರೂ ಒಂದು ತೊಡಕು ಉಳಿದಿದೆ. ದಕ್ಷಿಣದಿಂದ ಇನುವಿಕ್‌ಗೆ ಬರುವ, 1979ರಲ್ಲಿ ತೆರೆದ ಡೆಂಪ್‌ಸ್ಟರ್ ಹೆದ್ದಾರಿ ಎರಡು ನದಿ ದಾಟಬೇಕು, ಸೇತುವೆ ಇಲ್ಲ. ಬೇಸಿಗೆಯಲ್ಲಿ ನಾವೆ, ಚಳಿಗಾಲದಲ್ಲಿ ಹಿಮ. ನಡುವಿನ ವಾರಗಳಲ್ಲಿ ಎರಡೂ ಊರು ಈಗಲೂ ಆಕಾಶ ನೋಡಬೇಕು.

ಇವರನ್ನೂ ಭಾಗ್ಯವಂತರು ಎನ್ನಬೇಕು. ಇನ್ನೂ ಉತ್ತರದಲ್ಲಿ ರೆಸೊಲ್ಯೂಟ್ ಮತ್ತು ಗ್ರೀಸ್ ಫಿಯರ್ಡ್ ಎಂಬ ಊರುಗಳಿವೆ. 2021ರ ಜನಗಣತಿಯಲ್ಲಿ ಗ್ರೀಸ್ ಫಿಯರ್ಡ್‌ನ ಜನಸಂಖ್ಯೆ 144. 1953ರಲ್ಲಿ ಸರಕಾರವು ದೂರದ ಇನುಯಿಟ್ ಕುಟುಂಬಗಳನ್ನು ಹಡಗಿನಲ್ಲಿ ತಂದು ಅಲ್ಲಿ ಇಳಿಸಿತು. ಎರಡು ವರ್ಷದ ಮೇಲೆ ಬೇಕೆಂದರೆ ಊರಿಗೆ ಮರಳಬಹುದೆಂದು ಕೊಟ್ಟ ಮಾತು ನಡೆಯಲಿಲ್ಲ. ಕ್ಷಮೆ ಕೇಳಿದ್ದು 2010ರಲ್ಲಿ. ಸಾಮಾನಿನ ಹಡಗು ಬರುವುದು ಬೇಸಿಗೆಯಲ್ಲಿ ಮಾತ್ರ. ವರ್ಷದ ಅಕ್ಕಿ, ಹಿಟ್ಟು, ಎಣ್ಣೆ ಆಗಲೇ ಇಳಿಯಬೇಕು. ಮಳೆಗಾಲಕ್ಕೆ ಎರಡು ತಿಂಗಳ ಕಿರಾಣಿ ತುಂಬಿಟ್ಟು ಶಾಣ್ಯಾ ಎನಿಸಿಕೊಂಡವರು ನಾವು!

ಆ ಎರಡು ಊರುಗಳ ನಡುವೆ ಚಿಕ್ಕ ವಿಮಾನದ ದಾರಿ ಸುಮಾರು 385 ಕಿ.ಮೀ. ಮೋಟಾರಿನ ದಾರಿ ಎಷ್ಟೆಂದು ಬರೆಯಲು ಅಲ್ಲಿ ರಸ್ತೆಯೇ ಇಲ್ಲ.