ಹಳೇಬೀಡಿನ ಕಂಬವೂ ಕಂಪ್ಯೂಟರಿನ ಕೆಲಸವೂ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಕಂಬಗಳನ್ನು ನೋಡಿದವರಲ್ಲಿ ಅನೇಕರು ಈಗ ಒಂದೇ ಮಾತು ಹೇಳುತ್ತಾರೆ: ಇಷ್ಟು ನುಣುಪು, ಇಷ್ಟು ದುಂಡು ಕೈಯಿಂದ ಆಗುವಂಥದ್ದಲ್ಲ, ಇಂದಿನ ಸಿಎನ್‌ಸಿಯಂಥ, ಕಂಪ್ಯೂಟರ್ ನಡೆಸುವ ಯಂತ್ರ ಅಂದೇ ಇದ್ದಿರಬೇಕು. ಅಂತರಜಾಲದ ವಿಡಿಯೊಗಳು ಈ ನಂಬಿಕೆಗೆ ನೀರೆರೆದಿವೆ. ಭೈರವ ಮೂರ್ತಿಯ ಕೈಯಲ್ಲಿರುವ ವಸ್ತುವನ್ನೇ ಗೇರ್ ಎಂದು ತೋರಿಸುವವರೂ ಇದ್ದಾರೆ. ಇನ್ನೊಂದು ನಂಬಿಕೆ ಇಂದಿನ ಕಾರ್ಖಾನೆಯನ್ನು ಕುರಿತದ್ದು: ವಿನ್ಯಾಸ ಮಾಡುವುದೂ ಕಂಪ್ಯೂಟರೇ, ತಯಾರಿಸುವುದೂ ಕಂಪ್ಯೂಟರೇ, ಮನುಷ್ಯ ಗುಂಡಿ ಒತ್ತಿದರೆ ಸಾಕು. ಎರಡರ ನಡುವೆ ಒಂಬೈನೂರು ವರ್ಷಗಳ ಅಂತರವಿದ್ದರೂ ಬೇರು ಒಂದೇ. ಕೆಲಸದ ಕರಾರುವಾಕ್ಕುತನ ಯಂತ್ರದಿಂದಲೇ ಹುಟ್ಟುತ್ತದೆ ಎಂದು ಎರಡೂ ಕಡೆ ಭಾವಿಸಲಾಗಿದೆ. ಈ ಭಾವನೆಯೇ ತಪ್ಪು ಎಂಬುದಕ್ಕೆ ಹಾಸನ ಜಿಲ್ಲೆಯ ಗುಡಿಗಳಷ್ಟು ಒಳ್ಳೆಯ ಸಾಕ್ಷಿ ಬೇರೆ ಸಿಗುವುದು ಕಷ್ಟ.

ಹೊಯ್ಸಳರ ಗಂಟೆಯಾಕಾರದ ಕಂಬಗಳನ್ನು ತಿರುಗಿಸಿ ಕಡೆದದ್ದು ನಿಜ. ಮೈಮೇಲಿನ ಸಮವಾದ ಬಳೆಗೆರೆಗಳೇ ಅದನ್ನು ಹೇಳುತ್ತವೆ. ಆದರೆ ತಿರುಗಣಿಗೆ ಕಂಪ್ಯೂಟರ್ ಬೇಕಿಲ್ಲ. ಒಂದು ವಸ್ತು ಕದಲದ ಅಕ್ಷದ ಮೇಲೆ ತಿರುಗುತ್ತಿರುವಾಗ ಉಳಿಯನ್ನು ಒಂದೆಡೆ ಸ್ಥಿರವಾಗಿ ಹಿಡಿದರೆ ಅಲ್ಲಿ ವೃತ್ತ ತಾನಾಗಿ ಮೂಡುತ್ತದೆ. ಕುಂಬಾರನ ಚಕ್ರದ ಮೇಲೆ ಮಡಕೆ ದುಂಡಗಾಗುವುದೂ ಹೀಗೆಯೇ. ಹೊಯ್ಸಳರು ಬಳಸಿದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆದು, ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿ. ಈ ವಿದ್ಯೆ ಇವರಿಂದಲೇ ಶುರುವಾದದ್ದೂ ಅಲ್ಲ; ಲಕ್ಕುಂಡಿಯಲ್ಲಿ, 1112ರ ಇಟಗಿಯ ಮಹಾದೇವ ದೇವಾಲಯದಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಕಡೆದ ಕಂಬಗಳಿವೆ. ಅಷ್ಟು ಭಾರದ ಕಲ್ಲನ್ನು ಯಂತ್ರದ ವೇಗವಿಲ್ಲದೆ ಕಡೆಯುವುದು ಹೇಗೆ ಎಂದು ಕೇಳುವವರಿದ್ದಾರೆ. ವೇಗ ಬೇಕಾದದ್ದು ದಿನಕ್ಕೆ ಇಷ್ಟು ಎಂದು ಮಾಲು ಒಪ್ಪಿಸಬೇಕಾದ ಕಾರ್ಖಾನೆಗೆ. ದುಂಡಗಾಗಲು ಅಕ್ಷ ಅಲುಗದಿದ್ದರೆ ಸಾಕು, ಮೆದುಕಲ್ಲು ನಿಧಾನವಾಗಿ ತಿರುಗಿದರೂ ಸವೆಯುತ್ತದೆ.

ಯಂತ್ರವೇ ಎಲ್ಲವನ್ನೂ ಮಾಡಿತು ಎನ್ನುವವರು ಬೇಲೂರಿನ ನವರಂಗದೊಳಗೆ ಒಮ್ಮೆ ನಿಂತು ನೋಡಬೇಕು. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಾಲಯ ಅದು. ಅಲ್ಲಿ ಕಡೆದ ಕಂಬಗಳ ಜೊತೆಯಲ್ಲೇ ಮೈತುಂಬ ಪುಟ್ಟ ಪುಟ್ಟ ಶಿಲ್ಪಗಳನ್ನು ಹೊತ್ತ ನರಸಿಂಹ ಕಂಬವಿದೆ, ನಕ್ಷತ್ರದಂತೆ ಏಣು ಏಣಾಗಿ ಕೊರೆದ ಕಂಬಗಳಿವೆ. ಇವು ತಿರುಗಣಿಯಲ್ಲಿ ಆಗುವ ಆಕಾರಗಳೇ ಅಲ್ಲ. ಚಾಣ ಹಿಡಿದ ಕೈಯ ಕೆಲಸ. ಹಳೇಬೀಡಿನ ಗೋಡೆಯ ಬುಡದ ಪಟ್ಟಿಯಲ್ಲಿ ಸಾಲುಗಟ್ಟಿರುವ ಆನೆಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿಲ್ಲ, ಸೊಂಡಿಲು, ಹೆಜ್ಜೆ, ಮಾವುತ ಬದಲಾಗುತ್ತ ಹೋಗುತ್ತವೆ. ಒಂದೇ ಪ್ರೋಗ್ರಾಮ್ ಓಡಿಸುವ ಯಂತ್ರ ಹಾಗೆ ಬದಲಾಯಿಸುವುದಿಲ್ಲ. ಇನ್ನು ಗೇರ್ ವಿಷಯ: ಹಲ್ಲುಗಳು ಮತ್ತೊಂದು ಚಕ್ರದ ಹಲ್ಲಿಗೆ ಅಳತೆಯಲ್ಲಿ ಕೂಡಿದರೆ ಮಾತ್ರ ಅದು ಗೇರ್, ಅಂಚಿನಲ್ಲಿ ಮಣಿಯೋ ಎಸಳೋ ಇರುವುದೆಲ್ಲ ಗೇರ್ ಆಗುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಸಹಿಗಳದ್ದು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಬೇಲೂರಿನ ಕಲ್ಲಿನ ಮೇಲೆ ತಮ್ಮ ಹೆಸರು ಬಿಟ್ಟು ಹೋಗಿದ್ದಾರೆ. ಅವರ ಕೆಲಸದ ಕೀರ್ತಿಯನ್ನು ಕಾಣದ ಯಂತ್ರಕ್ಕೆ ಕೊಡುವುದು ಪೂರ್ವಿಕರನ್ನು ಹೊಗಳಿದಂತೆ ಅಲ್ಲ. ನಮ್ಮವರು ಮುಂದುವರಿದಿದ್ದರು ಎಂಬ ಅಭಿಮಾನದಿಂದ ಹಾಗೆ ಹೇಳುವವರೂ ಇದನ್ನು ಯೋಚಿಸಬೇಕು.

ಹಾಗಾದರೆ ಹೊಯ್ಸಳರ ಕೆಲಸಕ್ಕೂ ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಇಂದಿನ ಕ್ಯಾಡ್‌ಗೂ ನಂಟೇ ಇಲ್ಲವೇ? ಇದೆ, ಆದರೆ ಅದು ರೇಖಾಗಣಿತದಲ್ಲಿದೆ. 1220ರ ಸುಮಾರಿನ ಅರಸೀಕೆರೆಯ ಈಶ್ವರ ದೇವಾಲಯದ ತೆರೆದ ಮಂಟಪದ ತಳವಿನ್ಯಾಸ ಹದಿನಾರು ಮೂಲೆಗಳ ನಕ್ಷತ್ರ. ಒಂದೇ ಕೇಂದ್ರದ ಸುತ್ತ ನಾಲ್ಕು ಚೌಕಗಳನ್ನು ಸಮ ಕೋನದಲ್ಲಿ ತಿರುಗಿಸಿಟ್ಟರೆ ಅಂಥ ನಕ್ಷತ್ರ ಮೂಡುತ್ತದೆ. ಗೂಟ ಮತ್ತು ಹಗ್ಗದಿಂದ ನೆಲದ ಮೇಲೆಯೇ ಬರೆಯಬಹುದು. ಇಂದಿನ ತಂತ್ರಾಂಶದಲ್ಲಿ ಇದೇ ಕೆಲಸಕ್ಕೆ ಒಂದು ಆದೇಶ ಸಾಕು. ಆದೇಶ ಬೇಗ ನಡೆಯುತ್ತದೆ, ಅಳತೆ ಬದಲಿಸಿದರೆ ಇಡೀ ನಕ್ಷೆ ತಾನೇ ಬದಲಾಗುತ್ತದೆ. ಎಷ್ಟು ಮೂಲೆ, ಯಾವ ಮೂಲೆ ಎಷ್ಟು ಚಾಚಬೇಕು, ಅದರ ಮೇಲೆ ಬೀಳುವ ಭಾರವೆಷ್ಟು ಎಂಬುದನ್ನು ಅಂದೂ ಇಂದೂ ಯಾರಾದರೂ ಯೋಚಿಸಿಯೇ ನಿರ್ಧರಿಸಬೇಕು.

ಇಂದಿನ ಕಾರ್ಖಾನೆಗೂ ಇದೇ ಮಾತು. ಅಂಕಿಗಳಿಂದ ನಡೆಯುವ ಮಿಲ್ಲಿಂಗ್ ಯಂತ್ರವನ್ನು ಅಮೆರಿಕದ ಎಂಐಟಿ 1952ರಲ್ಲಿ ತೋರಿಸಿತು. ಪರದೆಯ ಮೇಲೆ ನಕ್ಷೆ ಬರೆಯುವ ಸ್ಕೆಚ್‌ಪ್ಯಾಡನ್ನು ಐವಾನ್ ಸದರ್‌ಲ್ಯಾಂಡ್ 1963ರಲ್ಲಿ ರೂಪಿಸಿದರು. ನಮ್ಮಲ್ಲಿ 1953ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಚ್‌ಎಂಟಿ ಮುಂದೆ ಸಿಎನ್‌ಸಿ ಯಂತ್ರಗಳನ್ನೂ ತಯಾರಿಸಿತು. ಈ ಯಂತ್ರ ಉಪಕರಣದ ತುದಿಯನ್ನು ಹೇಳಿದ ಬಿಂದುವಿಗೆ, ಹೇಳಿದ ವೇಗದಲ್ಲಿ, ಸಾವಿರ ಸಲ ಬೇಕಾದರೂ ಒಯ್ಯುತ್ತದೆ. ಬಿಂದುವನ್ನೇ ತಪ್ಪಾಗಿ ಹೇಳಿದ್ದರೆ ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ಸಾವಿರ ಸಲ ಮಾಡುತ್ತದೆ. ಕೊರೆಯಬೇಕಾದ ತುಂಡನ್ನು ಯಂತ್ರದ ಹಿಡಿಯಾದ ಚಕ್‌ನಲ್ಲಿ ಹೇಗೆ ಹಿಡಿಯಬೇಕು, ಸೊನ್ನೆ ಬಿಂದು ಎಲ್ಲಿ, ಕೊರೆದಂತೆ ಟೂಲ್ ಸವೆದು ಅಳತೆ ಜಾರಿದಾಗ ಅದನ್ನು ಸರಿದೂಗಿಸುವ ಆಫ್‌ಸೆಟ್ ಎಷ್ಟು ಕೊಡಬೇಕು, ತೆಳು ಗೋಡೆ ಬಾಗದಂತೆ ಎಷ್ಟು ಆಳ ಕೊರೆಯಬೇಕು, ಇವೆಲ್ಲ ಲೋಹದ ಗುಣ ಬಲ್ಲವರ ನಿರ್ಣಯಗಳು. ಈಗಿನ ತಂತ್ರಾಂಶ ಆಕಾರವನ್ನೇ ಸೂಚಿಸುತ್ತದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಭಾರ ಎಲ್ಲಿ ಬೀಳುತ್ತದೆ, ವಸ್ತು ಯಾವುದು, ಎಲ್ಲಿ ಬಿಗಿಯಬೇಕು ಎಂದು ಮನುಷ್ಯ ತುಂಬಿದ ಮೇಲೆಯೇ ಅದು ಸೂಚಿಸುವುದು. ಭಾರದ ಅಂಕಿ ತಪ್ಪಾಗಿದ್ದರೆ ಚೆಂದದ ಚಿತ್ರದಲ್ಲಿ ತಪ್ಪು ಉತ್ತರ ಬರುತ್ತದೆ.

ಕಂಪ್ಯೂಟರಿನ ಉಪಕಾರ ಸಣ್ಣದಲ್ಲ. ಬೇಲೂರಿನ ಶಿಲ್ಪಿಗೆ ಒಂದು ಏಟು ತಪ್ಪಿದರೆ ಕಲ್ಲೇ ಹೋಗುತ್ತಿತ್ತು. ಇಂದು ಕೊರೆಯುವ ಮೊದಲೇ ಪರದೆಯ ಮೇಲೆ ತಪ್ಪಿ, ತಿದ್ದಿಕೊಂಡು, ಮತ್ತೆ ನೋಡಬಹುದು. ಒಂದು ಊರಿನಲ್ಲಿ ಬರೆದ ನಕ್ಷೆಯಂತೆ ಇನ್ನೊಂದು ಊರಿನಲ್ಲಿ ಭಾಗ ತಯಾರಾಗಿ ಒಂದಕ್ಕೊಂದು ಕೂಡುತ್ತದೆ. ಇದನ್ನು ಪೂರಾ ಬಳಸಿಕೊಳ್ಳುವುದು ಅಳತೆ ಬಲ್ಲವರಿಗೇ ಸಾಧ್ಯ. ಅದಕ್ಕೇ ಕ್ಯಾಡ್ ಕೋರ್ಸಿಗೆ ಸೇರಲು ಹೊರಟಿರುವ ಹುಡುಗ ಹುಡುಗಿಯರಲ್ಲಿ, ಅವರ ತಂದೆ ತಾಯಿಯರಲ್ಲಿ ಒಂದು ಕೋರಿಕೆ: ತಂತ್ರಾಂಶದ ಹೆಸರು ನೋಡಿ ಹಣ ಕಟ್ಟುವ ಮೊದಲು, ಅಲ್ಲಿ ವರ್ನಿಯರ್ ಹಿಡಿದು ಅಳೆಯಲು, ಕೈಯಲ್ಲಿ ನಕ್ಷೆ ಬರೆಯಲು, ಲೋಹವನ್ನು ಕೊರೆದು ನೋಡಲು ಕಲಿಸುತ್ತಾರೆಯೇ ಎಂದು ವಿಚಾರಿಸಿ. ಕಲಿಸದಿದ್ದರೆ ಬೇರೆ ಕಡೆ ಸೇರಿ.