ಸರಳರೇಖೆ ಹೇಳುವ ಭವಿಷ್ಯ: ಧರ್ಮಪುರಿಯ ಪಾಠ

ಧರ್ಮಪುರಿ ಜಿಲ್ಲೆಯ ಜನಸಂಖ್ಯೆ 2001ರ ಜನಗಣತಿಯಲ್ಲಿ 28,56,300, 2011ರಲ್ಲಿ 15,06,843. ಈ ಎರಡು ಬಿಂದುಗಳನ್ನು ಗ್ರಾಫ್ ಕಾಗದದಲ್ಲಿ ಗುರುತಿಸಿ ಸರಳರೇಖೆ ಎಳೆಯುವ ವಿದ್ಯಾರ್ಥಿಗೆ ವಿಚಿತ್ರ ಉತ್ತರ ದೊರೆಯುತ್ತದೆ. 2021ರಲ್ಲಿ ಜಿಲ್ಲೆಯಲ್ಲಿ ಉಳಿಯುವವರು 1,57,386 ಮಂದಿ ಮಾತ್ರ. 2031ರಲ್ಲಿ ಜನಸಂಖ್ಯೆ ಸೊನ್ನೆಗಿಂತಲೂ ಕೆಳಗೆ!

ಲೆಕ್ಕದಲ್ಲಿ ತಪ್ಪಿಲ್ಲ, ತಪ್ಪಿರುವುದು ಹೋಲಿಕೆಯಲ್ಲಿ. 1965ರಲ್ಲಿ ಸೇಲಂನಿಂದ ಬೇರ್ಪಟ್ಟ ಈ ಜಿಲ್ಲೆಯೇ 2004ರ ಫೆಬ್ರವರಿಯಲ್ಲಿ ಮತ್ತೆ ಒಡೆದು, ಹೊಸೂರು ಸೇರಿದ ಭಾಗವು ಕೃಷ್ಣಗಿರಿ ಜಿಲ್ಲೆಯಾಯಿತು. ಜನರು ಹೋಗಲಿಲ್ಲ, ಗಡಿ ಸರಿಯಿತು. ಇಂದಿನ ಗಡಿಯೊಳಗೆ 2001ರಲ್ಲಿದ್ದವರು 12,95,182 ಮಂದಿ. ಹೀಗೆ ನೋಡಿದರೆ ಹತ್ತು ವರ್ಷಗಳಲ್ಲಿ ಆದದ್ದು 2,11,661ರ ಏರಿಕೆ.

ಎರಡು ಬಿಂದುಗಳ ನಡುವೆ ರೇಖೆ ಯಾವಾಗಲೂ ಸಲೀಸಾಗಿ ಕೂರುತ್ತದೆ. ಬಿಂದುಗಳು ಹೆಚ್ಚಿದಾಗ ಎಲ್ಲವೂ ಒಂದೇ ರೇಖೆಯ ಮೇಲೆ ಬೀಳುವುದು ಅಪರೂಪ. ಆಗ ಪ್ರತಿ ಬಿಂದುವಿಗೂ ರೇಖೆಗೂ ನಡುವಿನ ಲಂಬ ಅಂತರವನ್ನು ವರ್ಗಗೊಳಿಸಿ, ಆ ವರ್ಗಗಳ ಮೊತ್ತ ಅತಿ ಕಡಿಮೆಯಾಗುವ ರೇಖೆಯನ್ನು ಆರಿಸಬೇಕು. ಫ್ರಾನ್ಸಿನ ಲೆಜಾಂಡ್ರ್ 1805ರಲ್ಲಿ ಪ್ರಕಟಿಸಿದ ಈ ಕನಿಷ್ಠ ವರ್ಗ ವಿಧಾನವೇ ಲೀನಿಯರ್ ರಿಗ್ರೆಶನ್‌ನ ತಳಹದಿ.

ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ಒಂದನೆಯ ತರಗತಿಗೆ ನಾಲ್ಕು ವರ್ಷ ಸೇರಿದ ಮಕ್ಕಳು ಕ್ರಮವಾಗಿ 20, 17, 15, 12 ಎಂದು ಭಾವಿಸೋಣ. ಸರಾಸರಿ 16, ಇಳಿಕೆಯ ದರ ವರ್ಷಕ್ಕೆ 2.6. ಐದನೆಯ ವರ್ಷದ ಅಂದಾಜು 9.5. ಒಂಬತ್ತು ಹತ್ತು ಪಠ್ಯಪುಸ್ತಕಗಳನ್ನು ತರಿಸಲು ಇಷ್ಟು ಸಾಕು. ಆದರೆ ಅದೇ ರೇಖೆ ಒಂಬತ್ತನೆಯ ವರ್ಷಕ್ಕೆ ಸೊನ್ನೆಗಿಂತ ಕೆಳಗಿಳಿಯುತ್ತದೆ. ಅದನ್ನು ನಂಬಿ ಶಾಲೆ ಮುಚ್ಚುವುದು ತರವೇ?

ಮಕ್ಕಳು ಕಡಿಮೆಯಾದ ಕಾರಣವನ್ನು ರೇಖೆ ಅರಿಯದು. ಶಿಕ್ಷಕರ ಹುದ್ದೆ ಖಾಲಿ ಇದ್ದೀತು, ಬಸ್ಸು ನಿಂತಿದ್ದೀತು, ಪಕ್ಕದಲ್ಲಿ ಹೊಸ ಶಾಲೆ ತೆರೆದಿದ್ದೀತು. ಕಾರಣ ಬದಲಾದರೆ ರೇಖೆಯೂ ಬದಲಾಗುತ್ತದೆ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ 1956ರಿಂದಲೂ ಹೇಳುತ್ತಿದೆ.

ಆದುದರಿಂದ ಯಾರಾದರೂ ಇಳಿಯುವ ರೇಖೆಯೊಂದನ್ನು ಮುಂದಿಟ್ಟಾಗ ಪೋಷಕರು ಮೂರು ಪ್ರಶ್ನೆ ಕೇಳಬೇಕು: ಬಿಂದುಗಳು ಎಷ್ಟು? ಎಲ್ಲವನ್ನೂ ಒಂದೇ ಅಳತೆಯಲ್ಲಿ ಎಣಿಸಲಾಗಿದೆಯೇ? ಬಿಂದುಗಳು ಮುಗಿದ ಮೇಲೆ ರೇಖೆಯನ್ನು ಎಷ್ಟು ದೂರ ಎಳೆಯಲಾಗಿದೆ?