ಹೆಪಟೈಟಿಸ್-ಬಿ: ರಕ್ತಪರೀಕ್ಷೆಯ ಚೀಟಿಯನ್ನು ತಿಳಿಯುವ ಬಗೆ

ಗರ್ಭಿಣಿಯರ ರಕ್ತವನ್ನು ಪರೀಕ್ಷಿಸುವಾಗ ಹೆಪಟೈಟಿಸ್-ಬಿ ಸೋಂಕು ಉಂಟೇ ಎಂಬುದನ್ನೂ ನೋಡಲಾಗುತ್ತದೆ. ‘ಎಂದೂ ಕಾಮಾಲೆ ಬಾರದ ನನಗೇಕೆ ಈ ಪರೀಕ್ಷೆ?’ ಎಂದು ಹಲವರು ಕೇಳುವುದುಂಟು. ಪಿತ್ತಜನಕಾಂಗವನ್ನು ಸೇರುವ ಈ ವೈರಸ್ಸು ಕಣ್ಣು ಹಳದಿಯಾಗದೆಯೂ ವರ್ಷಗಟ್ಟಲೆ ದೇಹದಲ್ಲಿ ನೆಲೆಸಿರಬಲ್ಲದು. ಅದನ್ನು ರಕ್ತದಿಂದಲೇ ಅರಿಯಬೇಕು.

ಚೀಟಿಯಲ್ಲಿ ಮೊದಲು ಕಾಣುವುದು ‘ಎಚ್‌ಬಿಎಸ್‌ಎಜಿ’ ಎಂಬ ಹೆಸರು. ಇದು ವೈರಸ್ಸಿನ ಹೊರಕವಚದ ಒಂದು ಅಂಶ. ಇದನ್ನು ಕಂಡುಹಿಡಿದ ಬ್ಲುಂಬರ್ಗ್ ಎಂಬ ಅಮೆರಿಕದ ವಿಜ್ಞಾನಿಗೆ 1976ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಇದರ ಮುಂದೆ ‘ರಿಯಾಕ್ಟಿವ್’ ಅಥವಾ ‘ಪಾಸಿಟಿವ್’ ಎಂದಿದ್ದಲ್ಲಿ ಸೋಂಕು ಈಗ ದೇಹದಲ್ಲಿದೆಯೆಂದು ಭಾವಿಸಿ ಮುಂದಿನ ಪರೀಕ್ಷೆಗಳನ್ನು ಮಾಡಿಸಬೇಕು. ಆರು ತಿಂಗಳು ಕಳೆದ ಮೇಲೂ ಹಾಗೆಯೇ ಉಳಿದರೆ ಅದು ದೀರ್ಘಕಾಲದ ಸೋಂಕು. ವಯಸ್ಕರಲ್ಲಿ ನೂರಕ್ಕೆ ಸುಮಾರು 95 ಮಂದಿ ಆರು ತಿಂಗಳೊಳಗೆ ತಾವಾಗಿಯೇ ಸೋಂಕಿನಿಂದ ಮುಕ್ತರಾಗುತ್ತಾರೆ. ಹುಟ್ಟುವಾಗ ಸೋಂಕು ತಗುಲಿದ ಶಿಶುಗಳಲ್ಲಾದರೋ ನೂರಕ್ಕೆ ಸುಮಾರು 90ರಲ್ಲಿ ಅದು ನೆಲೆಯೂರುತ್ತದೆ.

‘ಆಂಟಿ-ಎಚ್‌ಬಿಎಸ್’ ಎಂಬ ಸಾಲಿನ ಅರ್ಥವೇ ಬೇರೆ. ಇಲ್ಲಿ ‘ಪಾಸಿಟಿವ್’ ಎಂಬುದು ಶುಭವಾರ್ತೆ. ಲಸಿಕೆಯಿಂದಲೋ ಹಿಂದೆ ಬಂದು ವಾಸಿಯಾದ ಸೋಂಕಿನಿಂದಲೋ ದೇಹಕ್ಕೆ ರಕ್ಷಣೆ ದೊರೆತಿದೆ ಎಂದರ್ಥ. 10 ಅಥವಾ ಅದಕ್ಕಿಂತ ಹೆಚ್ಚಿನ ಅಂಕಿ ಸಾಕಷ್ಟು ರಕ್ಷಣೆಯನ್ನು ಸೂಚಿಸುತ್ತದೆ. ಎರಡೂ ಸಾಲುಗಳು ‘ನೆಗೆಟಿವ್’ ಆಗಿದ್ದರೆ ಸಾಮಾನ್ಯವಾಗಿ ಸೋಂಕೂ ಇಲ್ಲ, ರಕ್ಷಣೆಯೂ ಇಲ್ಲ. ಅಂಥವರು ಲಸಿಕೆ ಪಡೆಯಬೇಕು. ತೀರ ಇತ್ತೀಚೆಗೆ ತಗುಲಿದ ಸೋಂಕು ಕೆಲವು ವಾರ ಪರೀಕ್ಷೆಗೆ ಕಾಣದೆಯೂ ಇರಬಹುದು.

ಸೋಂಕು ಯಾವಾಗ ಬಂತು, ಯಾರಿಂದ ಬಂತು ಎಂಬುದನ್ನು ಈ ಚೀಟಿ ಹೇಳಲಾರದು. ಸೊಸೆಯ ಚೀಟಿಯನ್ನು ಕಂಡು ಅವಳ ನಡತೆಯನ್ನು ಶಂಕಿಸುವುದು ಅನ್ಯಾಯ. ಆಕೆ ಹುಟ್ಟುವಾಗಲೇ ತಾಯಿಯಿಂದ ಬಂದಿರಬಹುದು, ಶುದ್ಧಗೊಳಿಸದ ಸೂಜಿಯಿಂದಲೋ ಕ್ಷೌರದ ಕತ್ತಿಯಿಂದಲೋ ಬಂದಿರಬಹುದು, ಗಂಡನಿಂದಲೂ ಬಂದಿರಬಹುದು. ಆದಕಾರಣ ಗಂಡನೂ ಪರೀಕ್ಷೆ ಮಾಡಿಸಿಕೊಳ್ಳುವುದು ಅಗತ್ಯ. ಸೋಂಕಿಲ್ಲದ ಸಂಗಾತಿಗೆ ಮೂರು ಬಾರಿ ಲಸಿಕೆ ಪೂರ್ಣಗೊಂಡು ರಕ್ಷಣೆ ಬಂದಿರುವುದು ಖಚಿತವಾಗುವವರೆಗೆ ನಿರೋಧ್ ಬಳಸತಕ್ಕದ್ದು. ಒಂದೇ ತಟ್ಟೆಯ ಊಟದಿಂದಾಗಲಿ, ಮಗುವನ್ನು ಎತ್ತಿ ಮುದ್ದಿಸುವುದರಿಂದಾಗಲಿ ಇದು ಹರಡದು.

ಸೋಂಕುಳ್ಳ ತಾಯಿಯ ಹೆರಿಗೆ ಆಸ್ಪತ್ರೆಯಲ್ಲಿಯೇ ಆಗಬೇಕು. ಹುಟ್ಟಿದ 24 ಗಂಟೆಗಳೊಳಗೆ ಶಿಶುವಿಗೆ ಲಸಿಕೆಯನ್ನೂ, ಅದರೊಡನೆ ಸಾಧ್ಯವಾದಷ್ಟು ಬೇಗ ಇಮ್ಯುನೋಗ್ಲಾಬ್ಯುಲಿನ್ ಚುಚ್ಚುಮದ್ದನ್ನೂ ಕೊಡಿಸಬೇಕು. 6, 10 ಮತ್ತು 14ನೆಯ ವಾರಗಳ ಲಸಿಕೆಗಳು ತಪ್ಪಬಾರದು. ಹೀಗೆ ರಕ್ಷಿತವಾದ ಮಗುವಿಗೆ ಎದೆಹಾಲು ಕೊಡಲು ಅಡ್ಡಿಯಿಲ್ಲ.

ಪಾಸಿಟಿವ್ ಬಂದವರೆಲ್ಲರಿಗೂ ಗುಳಿಗೆ ಬೇಕಾಗುವುದಿಲ್ಲ. ರಕ್ತದಲ್ಲಿ ವೈರಸ್ಸು ಎಷ್ಟಿದೆ, ಪಿತ್ತಜನಕಾಂಗದ ಸ್ಥಿತಿ ಹೇಗಿದೆ ಎಂದು ನೋಡಿ ವೈದ್ಯರು ನಿರ್ಧರಿಸುವರು. ಗುಳಿಗೆ ಆರಂಭಿಸಿದ ಮೇಲೆ ತಾನಾಗಿ ನಿಲ್ಲಿಸುವುದು ಅಪಾಯಕರ. 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಪರೀಕ್ಷೆ ಮತ್ತು ಔಷಧಿಗಳು ಉಚಿತ. ಹಳೆಯ ಚೀಟಿಗಳನ್ನು ತಾಯಿ ಕಾರ್ಡಿನೊಡನೆ ಕಾಯ್ದಿಡಿರಿ. ಆರು ತಿಂಗಳ ಲೆಕ್ಕ ವೈದ್ಯರಿಗೆ ತಿಳಿಯುವುದು ಅವುಗಳ ಮೇಲಿನ ತಾರೀಖಿನಿಂದಲೇ.